ಇಪ್ಪತ್ತು ನಿಮಿಷದ ರೇಡಿಯೊ

ಸವಣೂರು, 14 ನವೆಂಬರ್ 1983, ಸೋಮವಾರ

ಸಾಹೇಬರು ಗಡಿಯಾರ ನೋಡಿದ್ದು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ನಮ್ಮ ಕಂಪನಿಯ ಹೊಸ ರೇಡಿಯೊ ಅರ್ಧ ಗಂಟೆ ಹಾಡಿದರೆ ಕಾದು ದನಿ ಕಳೆದುಕೊಳ್ಳುತ್ತದೆ. ರಿಪೇರಿ ಮಾಡುವವನು ನಾನು, ನಾಲ್ಕು ಸಲ ವರದಿ ಬರೆದೆ. ಪ್ರತಿ ಸಲವೂ ಮ್ಯಾನೇಜರ್ ಪರಮೇಶ್ವರಪ್ಪನವರು ಅದನ್ನು ‘ಗಿರಾಕಿಯ ತಪ್ಪು ಬಳಕೆ’ ಎಂದು ತಿದ್ದಿ ಹುಬ್ಬಳ್ಳಿಯ ಆಫೀಸಿಗೆ ಕಳಿಸಿದರು. “ಇದ್ದದ್ದ ಹೇಳಿದ್ರ ನಾವ ಕೆಟ್ಟವ್ರ ಆಗ್ತೇವಿ,” ಎಂದರು. ಹಾನಗಲ್ಲಿನ ಅಂಗಡಿಯವರು ಈಗ ನಮ್ಮ ಸೆಟ್ಟು ಇಡುವುದನ್ನೇ ಬಿಟ್ಟಿದ್ದಾರೆ.

ಇವತ್ತು ಮುಂಬಯಿಯ ದೊಡ್ಡ ಸಾಹೇಬರು ಬರುವವರಿದ್ದರು. ಬೆಳಿಗ್ಗೆಯೇ ಕೆಟ್ಟ ಸೆಟ್ಟುಗಳನ್ನು ಗೋಣಿಚೀಲದಲ್ಲಿ ತುಂಬಿ ಹಿತ್ತಲಿಗೆ ಸಾಗಿಸಿದೆ. ಅಷ್ಟರಲ್ಲಿ ಯಲವಿಗಿಯ ಗುತ್ತೆವ್ವ ಮೂರನೇ ಸಲ ಅದೇ ರೇಡಿಯೊ ಅರಿವೆಯಲ್ಲಿ ಸುತ್ತಿಕೊಂಡು ಬಂದಳು. ಹಿಂದಿನ ಎರಡು ಸಲವೂ ‘ತಪ್ಪು ನಿನ್ನದೇ’ ಎಂದು ಅವಳನ್ನು ಕಳಿಸಿದ್ದೆವು.

“ಇವತ್ತ ಬ್ಯಾಡ ಯವ್ವಾ, ನಾಳೆ ಬಾ.”

“ನಾ ಏನ್ ತಪ್ಪ ಮಾಡಾಕತ್ತೇನಿ, ಅದನ್ನರ ಹೇಳೋ ತಮ್ಮಾ.”

ಅವಳನ್ನು ಬಾಗಿಲ ತನಕ ಕರೆದೊಯ್ದು ಕಳಿಸಿಬಿಟ್ಟೆ.

ಸಾಹೇಬರ ಮುಂದೆ ರೇಡಿಯೊ ಹಚ್ಚಿದೆವು. ಇಪ್ಪತ್ತು ನಿಮಿಷಕ್ಕೆ ಚಹಾ ತರಿಸಿ, ಅದೇ ನೆಪದಲ್ಲಿ ಆರಿಸಬೇಕೆಂದು ನಾನೂ ಮ್ಯಾನೇಜರೂ ಮಾತಾಡಿಕೊಂಡಿದ್ದೆವು. ಹೊತ್ತು ಹತ್ತಿರ ಬಂದರೂ ಚಹಾದ ಸುಳಿವಿರಲಿಲ್ಲ. ಪರಮೇಶ್ವರಪ್ಪನವರು ಬೆವರತೊಡಗಿದರು. ಹಿತ್ತಲಿಗೆ ಹೋಗಿ ಚೀಲ ತಂದು ಸಾಹೇಬರ ಮುಂದೆ ಸುರುವಿಬಿಡಲೇ ಎನ್ನಿಸಿತು. ಬದಲಿಗೆ ಚಹಾ ಬಂತೇ ಎಂದು ಬಾಗಿಲ ಕಡೆ ನೋಡಿದೆ.

ಆಗ ಸಾಹೇಬರೇ ಗಡಿಯಾರ ನೋಡಿದರು. ಮೆಲ್ಲಗೆ ಕೈ ಚಾಚಿ ರೇಡಿಯೊ ಆರಿಸಿದರು. ನಮ್ಮ ಕೆಲಸವನ್ನು ಹಿಂದಿಯಲ್ಲಿ ಹೊಗಳಿ ಕಾರು ಹತ್ತಿದರು.

ನಾನೂ ಗಡಿಯಾರ ನೋಡಿದೆ. ಸರಿಯಾಗಿ ಇಪ್ಪತ್ತು ನಿಮಿಷವಾಗಿತ್ತು.

ಮುಂಬಯಿಯಿಂದ ಸವಣೂರಿನವರೆಗೆ ಎಲ್ಲರಿಗೂ ಗೊತ್ತಿದೆ. ಗುತ್ತೆವ್ವ ಒಬ್ಬಳೇ ತನ್ನ ತಪ್ಪು ಏನೆಂದು ಹುಡುಕುತ್ತಿದ್ದಾಳೆ. ನಾಳೆ ಮತ್ತೆ ಬಂದು ಕೇಳುತ್ತಾಳೆ.