ಕಾಯೂದಕ್ಕ ಪಗಾರ

ಬೀಳಗಿ
೧೮ ಆಗಸ್ಟ್ ೨೦೨೪

ಪ್ರೀತಿಯ ವೃಷಭ ಅವರಿಗೆ,

ಜೈ ಜಿನೇಂದ್ರ. ನಾನೂ ಭಕ್ತಿನೂ ಆರಾಮ ಅದೀವಿ. ನೀವೂ ಅತ್ತಿಯವರೂ ಆರಾಮ ಅಂತ ತಿಳಕೊಂಡೇನಿ. ಬರಿಯೂದು ಬಾಳ ತಡ ಆತು, ಸಿಟ್ಟಾಗಬ್ಯಾಡ್ರಿ. ಜಮಖಂಡಿ ಎಷ್ಟು ದೂರ, ಫೋನ್ ಮಾಡಬಾರದಿತ್ತೇನು ಅಂತೀರಿ. ಫೋನಿನ್ಯಾಗ ಇಬ್ರೂ ದನಿ ಏರಸ್ತೀವಿ, ಯಾರರ ಒಬ್ರು ನಡುವ ಇಟ್ಟಬಿಡ್ತೀವಿ. ಅದಕ್ಕ ಕಾಗದ.

ಭಕ್ತಿ ಹೊಸ ಸಾಲಿಗೆ ಹೊಂದಿಕೊಂಡಾಳ. ನನಗ ಮಾತ್ರ ಕುಂತಲ್ಲಿ ಕುಂದ್ರಾಕ ಆಗವಲ್ದು.

ನಾನು ಸರಕಾರಿ ದವಾಖಾನಿ ಸೇರತೀನಿ ಅಂದಾಗ ನೀವು ನಕ್ಕಿದ್ರಿ. "ಏನೂ ಮಾಡಲಿಕ್ರೂ ಪಗಾರ ಬರ್ತೈತಿ ಅಂದ್ರ ಯಾವ ಡಾಕ್ಟರ್ ಮೈ ಬಗ್ಗಸ್ತಾನ? ಬಂದವ್ರನ್ನೆಲ್ಲಾ ಬಾಗಲಕೋಟಿಗೆ ದಬ್ಬತಾನ" ಅಂದ್ರಿ. ಖರೆ ಹೇಳ್ತೀನಿ, ನಾ ಬರೂಕಿಂತ ಮೊದಲ ಇಲ್ಲಿ ಹಂಗ ನಡದಿತ್ತು. ನಿಮ್ಮ ಮಾತು ಸುಳ್ಳಲ್ಲ.

ಆದ್ರ ಇಲ್ಲಿಗೆ ಬಂದ ಮ್ಯಾಲೆ ನನ್ನನ್ನ ಹೆರಿಗಿ ತರಬೇತಿಗೆ ಕಳಿಸಿದ್ರು. ಕಾಲೇಜಿನ್ಯಾಗ ನಾನು ಹೆರಿಗಿ ಕಲಿತದ್ದರ ಏನು? ಮುಂದ ನಿಂತವರ ಹೆಗಲ ಮ್ಯಾಲಿಂದ ಇಣಿಕಿದ್ದು, ಪರೀಕ್ಷಾಕ್ಕ ಬಾಯಿಪಾಠ ಮಾಡಿದ್ದು. ಅಲ್ಲಿ ಅನುಸೂಯಾ ಮೇಡಂ ಅಂತ ಹಿರಿಯ ಡಾಕ್ಟರ್ ಕಲಿಸಿದ್ರು. ಕೊಯ್ಯೂದನ್ನೂ ಕಲಿಸಿದ್ರು, ಕೊಯ್ಯದ ಇರೂದನ್ನೂ ಕಲಿಸಿದ್ರು. ಒಮ್ಮೆ ನಾನು ಗಡಬಡಿಸಿದಾಗ ಮಗ್ಗಲಕ್ಕ ಕುಂದ್ರಿಸಿಕೊಂಡು ಕೇಳಿದ್ರು: "ತಾಯಿ ಛಲೋ ಅದಾಳ, ಕೂಸು ಛಲೋ ಐತಿ. ಮತ್ತ ಅವಸರ ಯಾರಿಗೈತಿ, ಕ್ಷಮಾ? ಕೂಸಿಗೋ, ನಿನಗೋ?"

ಹೋದ ವಾರ ರಬಕವಿಯಿಂದ ತವರಮನಿಗೆ ಬಂದಿದ್ದ ಪ್ರತಿಮಾ ಅನ್ನೂ ಹೆಣಮಗಳನ್ನ ಆಕಿ ತಾಯಿ ಸಾತವ್ವ ಕರಕೊಂಡು ಬಂದ್ಲು. ಚೊಚ್ಚಲ ಹೆರಿಗಿ. ಬ್ಯಾರೆ ಒಂದು ಖಾಸಗಿ ದವಾಖಾನ್ಯಾಗ ಈಗಿಂದೀಗ ಕೊಯ್ಯಬೇಕು ಅಂದಿದ್ರಂತ. "ಕೊಯ್ಯೂದ ಆದ್ರ ಕೊಯ್ರಿ ಡಾಕ್ಟರ್ ಬಾಯಾರ, ನಿಮಗ ತಿಳಿತೈತಿ. ಆದ್ರ ನನ್ನ ಮಗಳು ಮಗ್ಗದ ಮುಂದ ಕುಂತು ದುಡದು ತಿನ್ನಾಕಿ. ಲಗೂನ ಎದ್ದು ಕುಂದ್ರಾಳೇನು?" ಅಂತ ಸಾತವ್ವ ನನ್ನ ಕೈ ಹಿಡಕೊಂಡ್ಲು.

ನಾನು ಮತ್ತ ಮತ್ತ ಪರೀಕ್ಷಿಸಿ ನೋಡಿದೆ. ಕಾಯಬಹುದಿತ್ತು. ನರ್ಸ್ ಮಾಯಾ ಬಾಗಿಲದಾಗ ನಿಂತು, "ಥೇಟರ್ ತಯಾರ ಮಾಡ್ಲೇನ್ರಿ ಮೇಡಂ?" ಅಂದ್ಲು. "ತಯಾರ ಇಡವಾ, ಆದ್ರ ಇನ್ನೂ ಬ್ಯಾಡ" ಅಂದೆ. ಕೊಯ್ದಿದ್ರ ಯಾರೂ ನನ್ನ ಕೇಳತಿರಲಿಲ್ಲ. ಕಾಯ್ದು ಏನರ ಹೆಚ್ಚುಕಡಿಮಿ ಆಗಿದ್ರ ಊರೆಲ್ಲಾ ಬಾಗಿಲಿಗೆ ಬರ್ತಿತ್ತು. ಮಧ್ಯಾಹ್ನ ದಾಟಿದ ಮ್ಯಾಲೆ ಹೆಣ್ಣಕೂಸು ತಾನಾಗೇ ಹುಟ್ಟಿ ಒದರಿತು. ನಾನು ಹೊರಗ ಬಂದು ಗ್ವಾಡಿಗೆ ಆತು ನಿಂತು ಅತ್ತಬಿಟ್ಟೆ.

ಅದ ಹುರುಪಿನ್ಯಾಗ ಬಾಗಲಕೋಟಿಯಾಗ ಆರೋಗ್ಯ ಇಲಾಖೆ ಮೀಟಿಂಗಿಗೆ ಹೋದೆ. ಸರಕಾರಿ ಡಾಕ್ಟರಗೋಳಿಗೂ ಆಪರೇಷನ್‌ಗೆ ಇಷ್ಟು ಅಂತ ಹೆಚ್ಚಿಗಿ ಕೊಟ್ರ ಕೆಲಸ ಸುಧಾರಿಸ್ತೈತೇನು ಅಂತ ನಮ್ಮ ಅಭಿಪ್ರಾಯ ಕೇಳಿದ್ರು. ನಾನು ಎದ್ದು ನಿಂತೆ. "ಸರ್, ಹಂಗಾದ್ರ ಮೊನ್ನೆ ಹೆರಿಗಿಗೆ ಬಂದ ಪ್ರತಿಮಾಳ ಹೊಟ್ಟಿ ಕೊಯ್ದಿದ್ರ ನನಗ ರೊಕ್ಕ ಬರ್ತಿತ್ತು. ಆಕಿ ಜೋಡಿ ಕಾಯ್ದದ್ದಕ್ಕ ಏನು ಕೊಡ್ತೀರಿ?"

ಸಾಹೇಬರು ಪ್ರಭುಲಿಂಗ ಅಂತ, ಒಳ್ಳೆಯವರ. "ಕಾಯೂದನ್ನ ಅಳೆಯೂದು ಹೆಂಗ್ರಿ ಡಾಕ್ಟರ್?" ಅಂದ್ರು. ಎಲ್ಲಾರೂ ನಕ್ರು.

"ಅಳೆಯಾಕ ಬರೂದಿಲ್ಲಂತ ಕಾಯೂದ ಬಿಡೂನೇನ್ರಿ? ಬದುಕಾಕ ಸಾಲೂವಷ್ಟು ಪಗಾರ ಕೊಡ್ರಿ. ಕೈ ಹಿಡದು ಕಲಿಸ್ರಿ. ಕೊಯ್ದಿದ್ಯಾಕ, ಬಾಗಲಕೋಟಿಗೆ ಕಳಿಸಿದ್ಯಾಕ ಅಂತ ಹಿರಿಯರು ನಮ್ಮನ್ನ ಕೇಳಲಿ" ಅಂದೆ. ಸಾಹೇಬರು "ವಿಚಾರ ಮಾಡೂನು" ಅಂದು ಮುಂದಿನ ವಿಷಯಕ್ಕ ಹೋದ್ರು.

ಚಾ ಕುಡಿಯೂ ಮುಂದ ಹಿರಿಯ ಡಾಕ್ಟರ್ ಗುರುಪಾದ ಅವರು ನನ್ನ ಹತ್ರ ಬಂದು ಮೆಲ್ಲಕ ಕೇಳಿದ್ರು: "ಛಲೋ ಮಾತಾಡಿದಿ ತಂಗಿ. ನಿನ್ನ ಗಂಡನ ದವಾಖಾನಿಗೆ ಹೆರಿಗಿ ಮಾಡಸಾಕ ಬರೂ ಚನಮಲ್ಲಪ್ಪ ಡಾಕ್ಟರಿಗೆ ರೊಕ್ಕ ಹೆಂಗ ಕೊಡ್ತಾರವಾ?"

ಆಪರೇಷನ್‌ಗೆ ಇಷ್ಟಂತ. ಮೊದಲಿನಿಂದ್ಲೂ ನೀವು ಹಂಗ ಕೊಡೂದು. ನಾನು ಕಪ್ಪು ಕೆಳಗಿಟ್ಟು ಬಸ್ಸಿಗೆ ನಡದೆ.

ಕಟ್ಟಡದ ಸಾಲ, ಯಂತ್ರದ ಕಂತು ಎಲ್ಲಾ ನನಗೂ ಗೊತ್ತೈತಿ. ನೀವು ಎಲುವಿನ ಡಾಕ್ಟರ್, ಹೆರಿಗಿ ವಿಭಾಗ ಅವರ ಕೈಯಾಗ ಐತಿ ಅಂತೀರಿ, ಅದೂ ಗೊತ್ತೈತಿ. ಆದ್ರ ಅವರಿಗೆ ತಿಂಗಳ ಪಗಾರ ಗೊತ್ತ ಮಾಡ್ರಿ. ಒಪ್ಪಲಿಕ್ರ ಬ್ಯಾರೆಯವರನ್ನ ಹುಡುಕೂನು. ಅಲ್ಲೀತನಕ ನನಗ ಆ ಮನಿಗೆ ಬರಾಕ ಮನಸಾಗವಲ್ದು.

ಅತ್ತಿಯವರಿಗೆ ನನ್ನ ನಮಸ್ಕಾರ ಹೇಳ್ರಿ. ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ. ಆ ಜಿನೇಂದ್ರ ನಿಮ್ಮನ್ನ ನೆಟ್ಟಗ ಇಡಲಿ.

ನಿಮ್ಮ
ಕ್ಷಮಾ

ತಾ.ಕ.: ಇಷ್ಟ ಬರದು ಕಾಗದ ಮಡಚಿದ್ದೆ, ಮತ್ತ ಬಿಚ್ಚಿದೆ. ಭಕ್ತಿ ಹುಟ್ಟಿದ ದಿನ ಚನಮಲ್ಲಪ್ಪ ಡಾಕ್ಟರ್ "ಇನ್ನ ತಡಿಯೂದು ಬ್ಯಾಡ" ಅಂದ್ರು, ನೀವು ಹೂಂ ಅಂದ್ರಿ. ಕೊಯ್ದ ಮ್ಯಾಲೆ ರಕ್ತ ನಿಲ್ಲಲಿಲ್ಲ, ಗರ್ಭಚೀಲಾನ ತಗದ್ರು. ಭಕ್ತಿಗೆ ತಮ್ಮನೋ ತಂಗಿನೋ ಬರೂದು ಅವತ್ತಿಗೆ ಮುಗೀತು. ಆಗ ನನಗ ಹೆರಿಗಿ ವಿಷಯದಾಗ ಏನೂ ತಿಳಿತಿರಲಿಲ್ಲ, ನನ್ನ ಜೀವ ಉಳಿಸಿದ್ರಂತ ಅವರ ಕಾಲಿಗೆ ಬಿದ್ದೆ. ಈಗ ತಿಳಿತೈತಿ, ಅದಕ್ಕ ನಿದ್ದಿ ಬರವಲ್ದು. ನೀವು ಅಲ್ಲೇ ಇದ್ರಿ. ಅವತ್ತ ನನ್ನ ಹೊಟ್ಟಿ ಕೊಯ್ಯೂದು ಖರೇನ ಬೇಕಾಗಿತ್ತೇನ್ರಿ? ಬೇಕಾಗಿತ್ತು ಅಂದ್ರ ನಂಬತೀನಿ. ಗೊತ್ತಿಲ್ಲ ಅಂದ್ರೂ ನಂಬತೀನಿ. ಸುಮ್ಮನ ಮಾತ್ರ ಇರಬ್ಯಾಡ್ರಿ.