ಹನ್ನೊಂದು ನಿಮಿಷದ ಕುರ್ಚಿ

ಹಾಸ್ಟೆಲ್, ಮೂರನೇ ಮಹಡಿ
ಡಿಸೆಂಬರ್ ನಾಲ್ಕು, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ‘ನಾನಿಲ್ಲಿ ಚೆನ್ನಾಗಿದ್ದೇನೆ’ ಎಂದು ಬರೆಯಲು ಕೈ ತಾನಾಗಿಯೇ ಹೋಯಿತು. ಈ ಸಲ ಆ ಸಾಲು ಬಿಟ್ಟಿದ್ದೇನೆ. ಗಾಬರಿಯಾಗಬೇಡ, ಜ್ವರ ಗಿರ ಏನಿಲ್ಲ.

ನೀನು ಕಳಿಸಿದ ಎರಡೂ ಬ್ರೋಷರ್ ತಲುಪಿದವು. ರಜೆಗೆ ಯಾವ ಸ್ಕೀ ರಿಸಾರ್ಟ್ ಅಂತ ನೀನೇ ಆರಿಸು, ಬೇಗ ಹೇಳು, ಆಮೇಲೆ ರೂಮು ಸಿಗಲ್ಲ ಅಂತ ಬರೆದಿದ್ದೆಯಲ್ಲ. ಒಂದು ಕೆರೆಯ ಪಕ್ಕ, ಇನ್ನೊಂದು ಬೆಟ್ಟದ ಮೇಲೆ, ಎರಡೂ ಪುಟ್ಟ ರಿಸಾರ್ಟುಗಳೇ. ಎರಡರ ಚಿತ್ರದಲ್ಲೂ ಒಂದೇ ಥರದ ಹಿಮ, ಒಂದೇ ಥರ ನಗುವ ಅಪ್ಪ ಅಮ್ಮ. ಮಗುವಿನ ಟೋಪಿಯ ಬಣ್ಣ ಮಾತ್ರ ಬೇರೆ. ಹಾಸಿಗೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಮೂರು ದಿನ ನೋಡಿದೆ.

ಕೆರೆಯ ಪಕ್ಕದ್ದು ನಿನಗೆ ಹಿಡಿಸಿದೆ ಎಂದು ಗೊತ್ತು. ಆ ಪುಟದ ಮೂಲೆ ಮಡಚಿದ್ದೀಯ. ಬಿಸಿನೀರಿನ ಕೊಳ ಇದೆ. ನೀನು ಸ್ಕೀ ಮಾಡುವವಳಲ್ಲ. ವರ್ಷವಿಡೀ ಬೇರೆಯವರ ಪ್ಯಾಂಟಿನ ಅಂಚು ಹೊಲಿದು ಹೊಲಿದು ನಿನ್ನ ಕುತ್ತಿಗೆ ಮರಗಟ್ಟಿರುತ್ತದೆ. ಬೆಟ್ಟದ ಮೇಲಿನದರಲ್ಲಿ ನಿನ್ನ ಪಾಲಿಗೆ ಇರುವುದು ಒಲೆಯ ಪಕ್ಕ ಒಂದು ಬೆಂಚು. ಮೂರು ರೂಮಿಗೆ ಒಂದೇ ಬಾತ್‌ರೂಮು. ಸ್ಕೀ ಮಾಡುವ ಇಳಿಜಾರೂ ಮೂರೇ.

ಆದರೂ ಬೆಟ್ಟದ ಮೇಲಿನದಕ್ಕೇ ಹೋಗೋಣ. ಅಪ್ಪನಿಗೆ ಒಂದು ವಿಷಯ ಹೇಳಬೇಕಾಗಿದೆ ಅಮ್ಮ, ಅದನ್ನು ಹೇಳಲು ನನಗೊಂದು ಜಾಗ ಬೇಕು.

ನಾನು ಕ್ಲಾಸಿಗೆ ಹೋಗದೆ ಐದು ವಾರವಾಯಿತು.

ಏನೂ ಆಗಿಲ್ಲ. ಯಾರೂ ಏನೂ ಅಂದಿಲ್ಲ. ಒಂದು ಮಂಗಳವಾರ ವರ್ಕ್‌ಶಾಪಿನ ಬಾಗಿಲವರೆಗೆ ಹೋಗಿದ್ದೆ, ಗಾಗಲ್ಸ್ ಮರೆತಿದ್ದೆ. ತರೋಣವೆಂದು ರೂಮಿಗೆ ಬಂದು ಮಂಚದ ಮೇಲೆ ಕೂತೆ. ನೋಡಿದರೆ ಸಂಜೆಯಾಗಿತ್ತು. ಮಾರನೆಯ ದಿನ ಗಾಗಲ್ಸ್ ಕೈಯಲ್ಲೇ ಇತ್ತು, ಆದರೂ ಕೂತೇ ಇದ್ದೆ. ಅಳು ಬರಲಿಲ್ಲ. ಬಂದಿದ್ದರೆ ನಿನಗೆ ಫೋನ್ ಮಾಡಲು ಒಂದು ನೆಪವಾದರೂ ಸಿಗುತ್ತಿತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳಲ್ಲವಾ ನಾನು? ಅಲ್ಲಿ ಏಳಲು ಒಂದು ಬೆಲ್, ಸ್ನಾನಕ್ಕೊಂದು, ಓದಲು ಕೂರಲಿಕ್ಕೊಂದು. ಈ ಕಾಲೇಜಿನ ಹಾಸ್ಟೆಲಿನಲ್ಲಿ ಬೆಲ್ಲೇ ಇಲ್ಲ. ಬೆಲ್ ಹೊಡೆಯದಿದ್ದರೆ ನನಗೆ ಹಸಿವಾಗಿದೆಯೋ ಇಲ್ಲವೋ ಎಂದೂ ತಿಳಿಯುವುದಿಲ್ಲ. ಇದಕ್ಕೆ ಎಲ್ಲರೂ ಫ್ರೀಡಂ ಅನ್ನುತ್ತಾರೆ.

ಪರೀಕ್ಷೆಗೆ ಹೋಗಿದ್ದೆ. ನಂಬರ್ ಬರೆದೆ. ಅರ್ಧ ಗಂಟೆ ಆಗುವವರೆಗೆ ಹೊರಗೆ ಬಿಡುವುದಿಲ್ಲ, ಅಷ್ಟು ಹೊತ್ತು ಕೂತಿದ್ದು ಪೇಪರ್ ಕೊಟ್ಟು ಬಂದೆ. ನಾಲ್ಕು ಪರೀಕ್ಷೆಯೂ ಹಾಗೆಯೇ. ರಿಸಲ್ಟ್ ಜನವರಿ ಹತ್ತಕ್ಕೆ ಮನೆಗೆ ಬರುತ್ತದೆ. ಅಷ್ಟರೊಳಗೆ ಅಪ್ಪನಿಗೆ ನನ್ನಿಂದಲೇ ಗೊತ್ತಾಗಬೇಕು.

ನನ್ನ ರೂಮ್‌ಮೇಟ್ ಇದ್ದಾಳಲ್ಲ, ಎಲ್ಲಿಗೆ ಹೋದರೂ ಕೈಯಲ್ಲಿ ಫ್ಲಾಸ್ಕ್ ಇರುತ್ತದೆಂದು ನಾವೆಲ್ಲ ಫ್ಲಾಸ್ಕ್ ಎಂದೇ ಕರೆಯುವ ಹುಡುಗಿ, ಅವಳು ದಿನಾ ಬೆಳಿಗ್ಗೆ ನನ್ನ ಕಾಲು ಅಲ್ಲಾಡಿಸಿ ಹೋಗುತ್ತಾಳೆ. ಹಾಸಿಗೆಗೆ ನಿನ್ನ ಆಕಾರವೇ ಬಂದ್ಬಿಟ್ಟಿದೆ ಕಣೇ, ನಾಳೆಯಿಂದ ಇದನ್ನೇ ಹೊತ್ಕೊಂಡೋಗಿ ನಿನ್ನ ಅಟೆಂಡೆನ್ಸ್ ಹಾಕಿಸ್ತೀನಿ ಅಂತ ಮೊನ್ನೆ ಅಂದಳು. ಇದಕ್ಕೆ ನಗಬೇಕು ಎಂದು ತಿಳಿಯಿತು, ನಕ್ಕೆ. ಅವಳು ನಗಲಿಲ್ಲ. ಮನೇಲಿ ಹೇಳಿದ್ಯಾ ಅಂತ ಕೇಳಿದಳು.

ಅಪ್ಪನ ಮುಖ ನೋಡಿಕೊಂಡು ಹೇಳಲಾರೆ. ಲಿಫ್ಟ್ ರಿಪೇರಿಗೆ ಹೋದ ಕಟ್ಟಡದಲ್ಲೆಲ್ಲ ವಾಚ್‌ಮನ್‌ಗಳ ಮುಂದೆ, ಇನ್ನು ನಾಲ್ಕು ವರ್ಷ ತಡ್ಕೊಳ್ಳಿ, ಆಮೇಲೆ ಲಿಫ್ಟ್ ಕೆಟ್ಟರೆ ಇಂಜಿನಿಯರನ್ನ ಬೈಯೋ ಹಾಗಿಲ್ಲ, ಅದು ನನ್ನ ಮಗಳು ಅಂತ ಹೇಳಿಕೊಂಡು ಬರುತ್ತಾರೆಂದು ನೀನೇ ಬರೆದಿದ್ದೆ. ಮೇಜಿನ ಮುಂದೆ ಕೂತರೆ ಎದುರಿಗೇ ಆ ಮುಖ. ಫೋನಿನಲ್ಲಾದರೆ ಊಟ ಆಯ್ತಾ ಅಂತ ಕೇಳಿ ನಿನ್ನ ಕೈಗೆ ಕೊಟ್ಟುಬಿಡುತ್ತಾರೆ. ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಮೊದಲ ಐದು ನಿಮಿಷ ನನ್ನನ್ನ ಬೈತಾರೆ, ಆಮೇಲೆ ಪಕ್ಕದಲ್ಲಿರೋರಿಗೆ ಮನೆ ಕಥೆಯೆಲ್ಲ ಹೇಳ್ಕೋತಾರೆ ಅಂತ ಅಪ್ಪ ಹೇಳುವುದುಂಟಲ್ಲ. ನನಗೆ ಬೇಕಾದದ್ದು ಅಂಥದ್ದೊಂದು ಜಾಗ.

ಕೆರೆಯ ಪಕ್ಕದ ರಿಸಾರ್ಟಿನಲ್ಲಿ ಮೇಲೆ ಹೋಗಲು ಎಂಟು ಜನರ ಗಾಜಿನ ಡಬ್ಬಿ. ಎದುರುಬದುರು ಸೀಟು, ನಾಲ್ಕೇ ನಿಮಿಷ. ಬೆಟ್ಟದ ಮೇಲಿನದರಲ್ಲಿ ಇರುವುದು ಉಕ್ಕಿನ ಹಗ್ಗಕ್ಕೆ ನೇತುಹಾಕಿದ ಹಳೇ ಕುರ್ಚಿಗಳು, ಒಂದರಲ್ಲಿ ಇಬ್ಬರು. ಹನ್ನೊಂದು ನಿಮಿಷ ಹಿಡಿಯುತ್ತದೆ ಎಂದು ಕ್ಷಮೆ ಕೇಳುವವರ ಹಾಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಅಕ್ಕಪಕ್ಕ ಕೂರಬೇಕು, ಇಬ್ಬರೂ ಮುಂದಕ್ಕೆ ನೋಡಬೇಕು, ಅಡ್ಡಕಂಬಿ ಹಾಕಿದ ಮೇಲೆ ಯಾರೂ ಎದ್ದು ಹೋಗುವ ಹಾಗಿಲ್ಲ. ಅಪ್ಪ ಮೊದಲೆರಡು ನಿಮಿಷ ಮೇಲೆ ನೋಡಿ, ಗ್ರೀಸ್ ಹಾಕಿ ಎಷ್ಟು ಕಾಲ ಆಯ್ತೋ ಅನ್ನುತ್ತಾರೆ. ಅದು ಮುಗಿದ ಮೇಲೆ ಶುರು ಮಾಡುತ್ತೇನೆ. ಹೇಳಬೇಕಾದದ್ದನ್ನು ಗೋಡೆಯ ಕಡೆ ತಿರುಗಿ ಹೇಳಿ ನೋಡಿದೆ. ನಲವತ್ತು ಸೆಕೆಂಡಿಗೆ ಮುಗಿದುಹೋಯಿತು. ಉಳಿದ ಹೊತ್ತು ಏನು ಮಾಡುವುದೋ ಗೊತ್ತಿಲ್ಲ.

ನಿನ್ನ ಬಿಸಿನೀರಿಗೆ ಕಲ್ಲು ಹಾಕುತ್ತಿದ್ದೇನೆ, ಬೈದುಕೋ. ಮುಂದೆ ಏನು ಓದುತ್ತೀಯ, ಓದುತ್ತೀಯೋ ಇಲ್ಲವೋ ಎಂದು ಮಾತ್ರ ಈಗ ಕೇಳಬೇಡ. ಯೋಚಿಸಲು ಹೋದರೆ ತಲೆಯಲ್ಲಿ ಫ್ರಿಜ್ಜಿನ ಸದ್ದಿನಂಥದ್ದು ಬರುತ್ತದೆ, ಅಷ್ಟೇ.

ಹೇಗಿದ್ದಾಳೋ ಹಾಗಿರುವ
ನಿನ್ನ ಮಗಳು

ತಾ. ಕ.: ಅಪ್ಪ, ಓದುತ್ತಿರುವವರು ನೀವೇ ಎಂದು ನನಗೆ ಗೊತ್ತು. ಲಕೋಟೆಯ ಮೇಲೆ ಯಾರ ಹೆಸರಿದ್ದರೂ ನನ್ನ ಪತ್ರವನ್ನು ನೀವು ಗಟ್ಟಿಯಾಗಿ ಓದುತ್ತೀರಿ, ಅಮ್ಮ ಗುಂಡಿ ಹಚ್ಚುತ್ತಾ ಕೇಳುತ್ತಾಳೆ. ಹಿಂದೊಮ್ಮೆ ಅವಳೇ ಬಾಯಿಬಿಟ್ಟಿದ್ದಳು. ಎರಡನೇ ಹಾಳೆಯಲ್ಲಿ ನಿಮ್ಮ ದನಿ ನಿಂತುಹೋಗಿದ್ದು, ಏನಂತೆ, ಏನಂತೆ ಅಂತ ಅಮ್ಮ ಕೇಳುತ್ತಿದ್ದರೆ ಅವಳಿಗೂ ಓದಿ ಹೇಳಿಬಿಡಿ. ಅಮ್ಮನಿಗೆಂದು ಬರೆದೆನಾದರೂ ಹೇಳಿದ್ದು ನಿಮಗೇ. ಹೀಗಾಗಿ ಈಗ ಆ ಕುರ್ಚಿ ಬೇಕೇಬೇಕು ಎಂದೇನಿಲ್ಲ. ಕೆರೆಯ ಪಕ್ಕದ್ದಕ್ಕೆ ಹೋದರೆ ಅಮ್ಮನಿಗಾದರೂ ಸುಖ. ಹನ್ನೊಂದು ನಿಮಿಷ ನನ್ನ ಪಕ್ಕ ಕೂರಲು ನಿಮಗೆ ಮನಸ್ಸಿದ್ದರೆ ಮಾತ್ರ ಬೆಟ್ಟದ ಮೇಲಿನದರಲ್ಲಿ ರೂಮು ಬುಕ್ ಮಾಡಿ. ಬೇರೆ ಉತ್ತರ ಬರೆಯುವುದು ಬೇಡ. ಯಾವುದರಲ್ಲಿ ಬುಕ್ ಮಾಡಿದಿರಿ ಎಂದಷ್ಟೇ ತಿಳಿಸಿ.