ಅಮ್ಮನ ಪುಡಿ, ಗುಬ್ಬಚ್ಚಿಯ ಬಟ್ಟೆ

ಭಾನುವಾರ, ಹನ್ನೊಂದನೆಯ ತಾರೀಖು

ಪ್ರೀತಿಯ ಪುಟ್ಟಿ,

ನೀನೂ ಅಳಿಯಂದಿರೂ ನಮ್ಮ ಗುಬ್ಬಚ್ಚಿಯೂ ಸೌಖ್ಯವೆಂದು ನಂಬಿದ್ದೇನೆ. ಕೆಂಪೆದ್ದಿರುವ ಗುಬ್ಬಚ್ಚಿಯ ಕೆನ್ನೆಯ ಮಟ್ಟಿಗೆ ಆ ನಂಬಿಕೆ ಇನ್ನೂ ಪೂರ್ಣವಲ್ಲ. ಮಗುವಿನ ಬಟ್ಟೆಗೆ ಯಾವ ಸೋಪು ಎಂದು ನೀನು ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆಗೆ ಒಂದು ವಾರ ತೆಗೆದುಕೊಂಡೆ, ಕ್ಷಮಿಸು. ಬಾಯಿಮಾತಿನಲ್ಲಿ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯೆ. ಕಾಗದದೊಡನೆ ವಾದಿಸುವುದು ಕಷ್ಟ.

ಮೊದಲು ಅಂಗಡಿಗೆ ಹೋದೆ. ಅಂಗಡಿಯಾತ ಗುಲಾಬಿ ಬಣ್ಣದ ಬಾಟಲಿಯೊಂದನ್ನು ಮುಂದಿಟ್ಟು, "ಮಗುಗೆ ಅಂತಾನೇ ಮಾಡಿರೋದು ಸಾರ್. ನೋಡಿ, ಮೇಲೆ ಮಗುನೇ ನಗ್ತಿದೆ" ಎಂದ. ನಗುವ ಮಗುವಿನ ಬೆನ್ನ ಹಿಂದೆ, ಸಣ್ಣ ಅಕ್ಷರಗಳಲ್ಲಿ, ಸುಗಂಧದ್ರವ್ಯವಿದೆಯೆಂದು ಬರೆದಿತ್ತು. ನಾನು ಒಂದೊಂದೇ ಬಾಟಲಿಯ ಬೆನ್ನು ಓದುತ್ತ ನಿಂತುಬಿಟ್ಟೆ. "ಸಾರ್, ಅದು ಕಾದಂಬರಿ ಅಲ್ಲ, ಸೋಪು. ಹಿಂದೆ ಜನ ಕಾಯ್ತಿದಾರೆ" ಎಂದ. ಮೂರು ಬಗೆ ಕೊಂಡು ಜಾಗ ಖಾಲಿ ಮಾಡಿದೆ.

ನಮ್ಮ ಬಟ್ಟೆ ಗಿರಣಿಯ ಪ್ರಯೋಗಾಲಯದಲ್ಲಿ, ಊಟದ ವಿರಾಮದ ಹೊತ್ತಿನಲ್ಲಿ, ಮೆತ್ತನೆಯ ಹತ್ತಿಬಟ್ಟೆಯ ತುಂಡುಗಳನ್ನು ಆ ಮೂರರಲ್ಲಿಯೂ, ನೀನು ಈಗಲೂ ಬಳಸುತ್ತಿರುವ ಅಮ್ಮನ ಸೋಪಿನ ಪುಡಿಯಲ್ಲಿಯೂ ಒಗೆದು ಒಣಗಿಸಿ, ತೋಳಿನ ಒಳಭಾಗಕ್ಕೆ ಸಾಲಾಗಿ ಅಂಟಿಸಿಕೊಂಡೆ. ನಮ್ಮ ಸಹಾಯಕಿ ಕಂಡು, "ಈ ವಯಸ್ಸಲ್ಲಿ ಯಾರ ಜೊತೆ ಮಾರಾಮಾರಿ ಸಾರ್?" ಎಂದಳು. ಮೊಮ್ಮಗಳ ಪರವಾಗಿ ಸೋಪಿನ ಜೊತೆ ಎಂದೆ. ಅಂದಿನಿಂದ ಹತ್ತಿರ ಬಂದವರಿಗೆಲ್ಲ, "ದೂರ, ದೂರ. ಸಾರ್ ಮೈಮೇಲೆ ಪ್ರಯೋಗ ನಡೀತಿದೆ" ಎಂದು ಎಚ್ಚರಿಕೆ ಕೊಡುತ್ತಿದ್ದಾಳೆ.

ನನ್ನ ಚರ್ಮ ನಾಲ್ಕನ್ನೂ ತಡೆದುಕೊಂಡಿತು. ಅದು ಎಮ್ಮೆಚರ್ಮವೆಂದು ನಿನ್ನ ಅಮ್ಮ ಹೇಳುತ್ತಿದ್ದುದು ಸಾಬೀತಾಯಿತೇ ಹೊರತು ಮಗುವಿನ ಬಗ್ಗೆ ಏನೂ ತಿಳಿಯಲಿಲ್ಲ. ಆದರೆ ಜಾಲಿಸಿದ ನೀರು ಮಾತಾಡಿತು. ಅಮ್ಮನ ಪುಡಿಯಲ್ಲಿ ಒಗೆದದ್ದನ್ನು ಎರಡು ಸಲ ಜಾಲಿಸಿದರೂ ನೊರೆ ಬರುವುದು ನಿಲ್ಲಲಿಲ್ಲ, ಪರಿಮಳವೂ ಹೋಗಲಿಲ್ಲ. ಏಕೆಂದರೆ ನಾನು ಆಕೆಯ ಅಳತೆಯನ್ನೇ ಹಾಕಿದ್ದೆ: ಚಮಚದ ತುಂಬ, ಅದರ ಮೇಲೆ, "ಇನ್ನೊಂಚೂರು ಹಾಕಿದ್ರೆ ನಿಮ್ಮ ಗಂಟೇನು ಹೋಗತ್ತೆ" ಎಂದು ಅರ್ಧ ಹಿಡಿ. ನಿನ್ನ ಕೈಯೂ ಅದೇ ಕೈ.

ಆದ್ದರಿಂದ, ಕೊಂಡ ಮೂರರಲ್ಲಿ ಬೇಗ ನೊರೆ ಬಿಟ್ಟ, ವಾಸನೆಯಿಲ್ಲದ ದ್ರವವನ್ನು ಕಳಿಸುತ್ತಿದ್ದೇನೆ. ಬಾಟಲಿಯ ಮೇಲೆ ಹೇಳಿದಷ್ಟೇ ಹಾಕು, ಒಂದು ಸಲ ಹೆಚ್ಚಿಗೆ ಜಾಲಿಸು. ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ಆ ನೀಲಿ ದ್ರವವನ್ನು ಅಳಿಯಂದಿರು ಮುಟ್ಟದಿರಲಿ. ಕೆಂಪು ಇಳಿಯದಿದ್ದರೆ ಮತ್ತೆ ವೈದ್ಯೆಗೆ ತೋರಿಸು. ನಾನು ಬಟ್ಟೆ ಬಲ್ಲೆ, ಮಗುವನ್ನಲ್ಲ.

"ಅಪ್ಪ, ಆ ವಾಸನೆ ಬಂದ್ರೆ ಅಮ್ಮ ಒಳಗೆಲ್ಲೋ ಬಟ್ಟೆ ಮಡಚ್ತಿದಾಳೆ ಅನ್ಸತ್ತೆ. ಹ್ಯಾಗೆ ಬಿಡ್ಲಿ?" ಎಂದು ನೀನು ಕೇಳಿದೆ. ಆಗ ಫೋನಿನಲ್ಲಿ, ನಿನ್ನ ಬಟ್ಟೆಗಾದರೂ ಅದೇ ಪುಡಿ ಇರಲಿ ಎಂದೆ. ಈಗ ಯೋಚಿಸಿದರೆ ಅದೂ ಬೇಡ, ಪುಟ್ಟಿ. ಗುಬ್ಬಚ್ಚಿಯ ಕೆನ್ನೆ ಒರಗುವುದು ನಿನ್ನ ಹೆಗಲಿಗೇ. ಆಕೆ ಇದ್ದಿದ್ದರೆ ನನಗಿಂತ ಮೊದಲು ಆ ಪೊಟ್ಟಣವನ್ನು ಕಸಿದು ಅಟ್ಟಕ್ಕೆ ಎಸೆಯುತ್ತಿದ್ದಳು.

ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ಗುಬ್ಬಚ್ಚಿಯ ಕೆನ್ನೆ ತಿಳಿಯಾಗಲಿ, ನಿನಗೆ ಕಣ್ತುಂಬ ನಿದ್ದೆ ಬರಲಿ.

ಇಂತು ನಿನ್ನ
ಅಪ್ಪ

ಹೇಳಲು ಮರೆತೆ: ಮಿಕ್ಕ ಪುಡಿಯನ್ನು ಚೆಲ್ಲಬೇಡ, ನನಗೆ ಕಳಿಸು. ನನ್ನ ಅಂಗಿಗಳನ್ನು ಇಂದಿಗೂ ಅದರಲ್ಲೇ, ಆಕೆಯ ಅಳತೆಯಲ್ಲೇ ಒಗೆಯುತ್ತೇನೆ. ನಿನಗೆ ಬಿಡು ಎಂದದ್ದನ್ನು ನಾನು ಬಿಡಲಾರೆ. ಮುಂದಿನ ಭಾನುವಾರ ಬರುವಾಗ ವಾಸನೆಯಿಲ್ಲದ ಅಂಗಿಯೊಂದನ್ನು ಬೇರೆಯಾಗಿ ಕಟ್ಟಿ ತರುತ್ತೇನೆ. ಗುಬ್ಬಚ್ಚಿಯನ್ನು ಎತ್ತಿಕೊಳ್ಳುವ ಮುನ್ನ ಬದಲಿಸುತ್ತೇನೆ. ಬದಲಿಸುವ ಮುನ್ನ, ಬಾಗಿಲಲ್ಲೇ, ನೀನು ಒಂದು ಗಳಿಗೆ ನನ್ನ ಹತ್ತಿರ ಬಂದು ನಿಲ್ಲು.